ಒಂದೇ ಬಟ್ಟೆಯ ಟೈ

ಸುತ್ತೋಲೆ ಮೂರೇ ಸಾಲಿನದು. ತೂಕದ ಯಂತ್ರ ಮಾರುವ ಆ ಕಂಪನಿಯ ನೋಟಿಸ್ ಬೋರ್ಡಿಗೆ ಬೆಳಿಗ್ಗೆ ಹತ್ತಕ್ಕೆ ಬಿತ್ತು. ‘ಇಂದು ಸಂಜೆ ನಾಲ್ಕಕ್ಕೆ ತೆಗೆಯುವ ಸಿಬ್ಬಂದಿ ಫೋಟೊ ಮೊಟ್ಟಮೊದಲ ಬಾರಿಗೆ ಬಣ್ಣದ್ದು. ಸೂಟಿನ ಬಣ್ಣಕ್ಕೆ ಟೈ ಹೊಂದಿರುವ ಗಂಡಸರಿಗೆ ಮಾತ್ರ ಮುಂದಿನ ಸಾಲು. ಉಳಿದವರು ಹಿಂದೆ. – ಮ್ಯಾನೇಜರ್.’

ರವಾನೆ ವಿಭಾಗದ ಗುಮಾಸ್ತ ಅದನ್ನು ಎರಡು ಸಲ ಓದಿದ. ತನ್ನ ಅರಿಶಿನ ಬಣ್ಣದ ಟೈಯನ್ನು ನೋಡಿಕೊಂಡ.

ಈಗಿನ ಹಾಗೆ ಬೆಕ್ಕು ಮಲಗಿದರೂ ಫೋಟೊ, ಎದ್ದರೂ ಫೋಟೊ ಎನ್ನುವ ಕಾಲ ಅದಲ್ಲ. ವರ್ಷಕ್ಕೆ ಒಂದು. ಅದಕ್ಕಾಗಿ ಹಿಂದಿನ ದಿನ ಕ್ಷೌರ, ಬೆಳಿಗ್ಗೆ ಇಸ್ತ್ರಿ, ಬೂಟಿಗೆ ಪಾಲಿಶ್. ಗುಮಾಸ್ತನ ಮನೆಯ ಗೋಡೆಯಲ್ಲಿ ಕಟ್ಟು ಹಾಕಿಸಿದ ಅಂಥ ಫೋಟೊ ಒಂಬತ್ತಿದ್ದವು. ಒಂಬತ್ತರಲ್ಲೂ ಅವನ ಹಣೆ ಇತ್ತು, ಹುಬ್ಬಿತ್ತು. ಅದರಿಂದ ಕೆಳಗೆ ಬೇರೆಯವರ ಭುಜವಿತ್ತು. ಕುಳ್ಳ ಆಳು, ಮೇಲಾಗಿ ಸಂಕೋಚದ ಸ್ವಭಾವ. ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು ಕಡೆಗೆ ಹಿಂದಿನ ಸಾಲಿಗೆ ಬಂದಿರುತ್ತಿದ್ದ. ಕಚೇರಿಯಲ್ಲಿ ಅವನ ಹೆಸರೇ ಇಣುಕಪ್ಪ.

ಅವತ್ತು ಬೆಳಿಗ್ಗೆ ಅಮ್ಮ ಕೋಟಿನ ಗುಂಡಿ ಹಾಕುತ್ತ, “ಈ ಸಲನಾದ್ರೂ ಪೂರ್ತಿ ಮುಖ ಬರ್ಲಿ ಕಣೋ. ಕಣ್ಣು ಇನ್ನೂ ಮಂಜಾಗೋದ್ರೊಳಗೆ ಒಂದ್ಸಲ ನೋಡ್ಬಿಡ್ತೀನಿ” ಅಂದಿದ್ದರು. ಆಗಲಮ್ಮ ಎಂದು ಮಾತು ಕೊಟ್ಟು ಬಂದಿದ್ದ.

“ಅದಕ್ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀರಿ? ಸೂಟು ಯಾವ ಬಣ್ಣ ಹೇಳಿ, ಟೈ ನಾನು ಹುಡುಕಿಸ್ತೀನಿ” ಎಂದರು ಟೈಪಿಸ್ಟ್ ಮೇಡಂ.

ಕಷ್ಟ ಶುರುವಾದದ್ದೇ ಅಲ್ಲಿ. ಸೂಟು ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಉದ್ದದ ಪ್ಯಾಂಟನ್ನು ಒಂದು ಗೇಣು ಒಳಮಡಿಸಿ ಇವನ ಅಳತೆಗೆ ಹೊಲಿಸಿದ್ದಾಯಿತು. ಹುಳ ಹಿಡಿದೀತೆಂದು ಅಮ್ಮ ಹನ್ನೊಂದು ವರ್ಷ ವಾರ ತಪ್ಪದೆ ಅದನ್ನು ಬಿಸಿಲಿಗೆ ಹಾಕಿದರು. ಹುಳ ಹಿಡಿಯಲಿಲ್ಲ. ಆದರೆ ಅದು ಇಂಥದೇ ಬಣ್ಣ ಎಂದು ಹೇಳುವ ಧೈರ್ಯ ಈಗ ಯಾರಿಗೂ ಇರಲಿಲ್ಲ.

ಟೈಪಿಸ್ಟ್ ಮೇಡಂಗೆ ಮಾತ್ರ ಇತ್ತು. “ಬೂದಿ ಬಣ್ಣ. ಬೂದಿಗೆ ಕೆಂಪು ಟೈ.”

“ಬೂದಿಯಂತೆ ಬೂದಿ!” ಕ್ಯಾಷಿಯರು ಕನ್ನಡಕ ಏರಿಸಿಕೊಂಡು ಬಂದರು. “ಇಲ್ಲಿ ಬನ್ರೀ, ಕಿಟಕಿ ಹತ್ರ. ನೋಡಿ, ಅಚ್ಚ ಹಸಿರು.”

ಕಚೇರಿಗೇ ಎತ್ತರದವನಾದ ಗೋಡೌನಿನ ಲಂಬು ಅವನನ್ನು ತೋಳು ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಎಳೆದು, “ಇಬ್ರಿಗೂ ಕಣ್ಣಿಲ್ಲ. ಇದು ಕಂದು” ಎಂದ.

ಮಧ್ಯಾಹ್ನದ ಹೊತ್ತಿಗೆ ಇಣುಕಪ್ಪನ ಕತ್ತಿನಲ್ಲಿ ಮೂರು ಟೈ ನೇತಾಡುತ್ತಿದ್ದವು. ಟೈಪಿಸ್ಟ್ ಮೇಡಂ ಮತ್ತು ಕ್ಯಾಷಿಯರು ಮಾತು ಬಿಟ್ಟಿದ್ದರು. ಅವರು ಮತ್ತೆ ಮಾತಾಡಿದ್ದು ಆರು ತಿಂಗಳ ಮೇಲೆ. ಊಟದ ಬಿಡುವಿನಲ್ಲಿ ಅವನು ಮೂರನ್ನೂ ಬಿಚ್ಚಿಟ್ಟು ಎದುರಿನ ರಸ್ತೆಯ ಮುದಿ ದರ್ಜಿಯ ಅಂಗಡಿಗೆ ಓಡಿದ.

“ಇದನ್ನ ಹೊಲಿದದ್ದೇ ನಾನಪ್ಪ” ಎಂದ ದರ್ಜಿ, ಕೋಟಿನ ಅಂಚು ಸವರುತ್ತ. “ನಿಮ್ಮಪ್ಪ ಈ ಕನ್ನಡಿ ಮುಂದೆ ಮೂರು ಸುತ್ತು ತಿರುಗಿದ್ರು. ಬೆನ್ನು ಹೆಂಗೆ ಕಾಣುತ್ತೆ ಅಂತ ಕೇಳೋಕೆ ನಾಚಿಕೆ ಪಾಪ. ಪ್ಯಾಂಟು ಬಿಚ್ಚಿ ಕೊಡಿ ಇಲ್ಲಿ.”

ಕತ್ತರಿಯ ತುದಿಯಿಂದ ಕಾಲಿನ ಮಡಿಕೆಯ ಹೊಲಿಗೆ ಬಿಚ್ಚಿದ. ಒಳಗೆ ಬಿಸಿಲು ಕಾಣದ ಬಟ್ಟೆ ಹಾಗೇ ಇತ್ತು. ಕಡುನೀಲಿ. ಆ ನೀಲಿಯಲ್ಲಿ ಅಪ್ಪ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಹೊರಟದ್ದು, ಅಮ್ಮ ಹಿಂದಿನಿಂದ ಕಾಲರು ಸರಿಮಾಡಿದ್ದು ಎಲ್ಲ ಇಣುಕಪ್ಪನಿಗೆ ನೆನಪಾಯಿತು. ಅಪ್ಪ ಇದ್ದಿದ್ದರೆ ಎಂದು ಅವನಿಗೆ ತುಂಬ ಅನ್ನಿಸಿತು.

“ಸೂಟಿನ ಬಟ್ಟೆಯಲ್ಲೇ ಟೈ! ಇದಕ್ಕಿಂತ ಹೊಂದಿಕೆ ಉಂಟಾ?” ಎಂದು ದರ್ಜಿ ಎರಡೂ ಕಾಲಿನ ಮಡಿಕೆ ಕತ್ತರಿಸಿ ಮಿಷನ್ ತುಳಿಯತೊಡಗಿದ.

ಇಣುಕಪ್ಪ ಕೋಟು, ಷರ್ಟು, ಬೂಟು ಹಾಕಿಕೊಂಡು, ಪ್ಯಾಂಟಿಲ್ಲದೆ, ಪರದೆಯ ಹಿಂದೆ ಎರಡು ಗಂಟೆ ಕೂತ. ಮಗುವಿನ ಫ್ರಾಕು ಕೇಳಲು ಬಂದ ಹೆಂಗಸೊಬ್ಬಳು ಪರದೆ ಸರಿಸಿ ಕಿಟಾರನೆ ಕಿರುಚಿದಳು. ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ನೋಡಿಕೊಂಡು ಹೋದರು. ಒಬ್ಬ ನಾಳೆಯೂ ಇರ್ತಾರಾ ಎಂದು ವಿಚಾರಿಸಿದ.

ನಾಲ್ಕಕ್ಕೆ ನಾಲ್ಕು ನಿಮಿಷವಿರುವಾಗ ಟೈ ಸಿದ್ಧವಾಯಿತು. ಪ್ಯಾಂಟಿನ ಅಂಚಿನಿಂದ ನೂಲು ಜೋತಾಡುತ್ತಿದ್ದಂತೆಯೇ ಓಡಿದವನು ಒಂದು ಅಂಗಡಿಯ ಗಾಜಿನಲ್ಲಿ ತನ್ನನ್ನು ಕಂಡು ಗಕ್ಕನೆ ನಿಂತ. ಟೈ ಕಡುನೀಲಿ, ಸೂಟು ಬಿಸಿಲು ತಿಂದ ಬಣ್ಣ. ಒಂದೇ ಬಟ್ಟೆ ನಿಜ, ಹೊಂದಿಕೆ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಅಂಗಳದಲ್ಲಿ ಮ್ಯಾನೇಜರು ಒಬ್ಬೊಬ್ಬರ ಕತ್ತು ಪರೀಕ್ಷಿಸುತ್ತಿದ್ದರು. ಇವನ ಮುಂದೆ ನಿಂತು, “ಇದೇನ್ರೀ ಇದು? ಹಿಂದೆ ಹೋಗಿ” ಎಂದರು.

ಜನ್ಮದಲ್ಲಿ ಮೊದಲ ಸಲ ಇಣುಕಪ್ಪ ಜಾಗ ಬಿಡಲಿಲ್ಲ. “ಸಾರ್, ಒಂದೇ ಬಟ್ಟೆ ಸಾರ್!” ಎನ್ನುತ್ತ ಕೋಟಿನ ಕಾಲರು ಮಗುಚಿ ಅಡಿಯ ನೀಲಿಯನ್ನು ತೋರಿಸಿದ. ಮ್ಯಾನೇಜರು ಕಣ್ಣು ಕಿರಿದು ಮಾಡಿ ನೋಡಿದರು, ಉಜ್ಜಿ ನೋಡಿದರು. ನಿಯಮದ ಮನುಷ್ಯ ಅವರು. “ಬಟ್ಟೆ ಒಂದೇ ಅಂದ್ಮೇಲೆ ಬಣ್ಣವೂ ಒಂದೇ ಆಗ್ಬೇಕು. ಸರಿ, ಕೂತ್ಕೊಳ್ಳಿ” ಎಂದರು.

ಮುಂದಿನ ಸಾಲು! ಅದೂ ಕುರ್ಚಿ! ಇಣುಕಪ್ಪ ಮಂಡಿಯ ಮೇಲೆ ಕೈಯಿಟ್ಟು, ಮುಖವನ್ನು ಪೂರ್ತಿ ಕ್ಯಾಮೆರಾಗೆ ಒಪ್ಪಿಸಿ ಕೂತ.

ಅಷ್ಟರಲ್ಲಿ ಪ್ರಧಾನ ಕಚೇರಿಯಿಂದ ಬಂದಿದ್ದ ದೊಡ್ಡ ಸಾಹೇಬರು ಮ್ಯಾನೇಜರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮ್ಯಾನೇಜರದು ಹೊಚ್ಚಹೊಸ ಕಡುನೀಲಿ ಸೂಟು, ಅದಕ್ಕೆ ಮಾವನ ಮನೆಯವರು ಕೊಟ್ಟ ಕಿತ್ತಳೆ ಬಣ್ಣದ ಟೈ.

“ನಿಮ್ಮ ಸುತ್ತೋಲೆ ಓದಿದೆ. ಬಹಳ ಚೆನ್ನಾಗಿದೆ” ಎಂದರು ಸಾಹೇಬರು. “ನೀವು ಹಿಂದಿನ ಸಾಲಾ?”

ಮ್ಯಾನೇಜರ ಮುಖ ಬಿಳಿಚಿತು. ಕಣ್ಣು ಮುಂದಿನ ಸಾಲಿನ ಕತ್ತುಗಳ ಮೇಲೆ ಓಡಿ ಒಂದು ಕಡೆ ನಿಂತಿತು.

“ಒಂದೇ ನಿಮಿಷ, ಆ ಟೈ ಕೊಡಿ.”

“ಸಾರ್, ಅದು ನಮ್ಮ ಅಪ್ಪಂದು…”

“ಫೋಟೊ ಆದ ತಕ್ಷಣ ವಾಪಸ್ ಕೊಡ್ತೀನ್ರೀ!”

ಟೈ ಮ್ಯಾನೇಜರ ಸೂಟಿಗೆ ಅಳತೆ ಕೊಟ್ಟು ಹೊಲಿಸಿದಂತೆ ಹೊಂದಿತು. ಇಣುಕಪ್ಪನ ಕೈಯಲ್ಲಿ ಕಿತ್ತಳೆ ಟೈ ಉಳಿಯಿತು.

“ನಿಯಮ ಅಂದ್ರೆ ಎಲ್ಲರಿಗೂ ಒಂದೇ, ಏನಂತೀರಿ?” ಎಂದರು ಮ್ಯಾನೇಜರು, ತಮ್ಮ ಕುರ್ಚಿಯಲ್ಲಿ ಕೂರುತ್ತ. ಇಣುಕಪ್ಪ ಎದ್ದು ಹೋಗಿ ಗೋಡೌನಿನ ಲಂಬುವಿನ ಹಿಂದೆ ನಿಂತ. ಕ್ಯಾಮೆರಾ ಚಟಕ್ಕೆಂದಿತು.

ಫೋಟೊ ಬಂದ ದಿನ ಅಮ್ಮ ಅದನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದರು. ಅವನು ತಪ್ಪು ಮಾಡಿದ ಹುಡುಗನಂತೆ ಪಕ್ಕದಲ್ಲಿ ನಿಂತಿದ್ದ.

“ಈ ನೀಲಿ ನಿಮ್ಮಪ್ಪನ ಸೂಟಿಂದಲ್ವೇನೋ?” ಅಮ್ಮ ಮ್ಯಾನೇಜರ ಟೈ ತೋರಿಸಿದರು.

“ಹೌದಮ್ಮ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಆ ನಗು ಕಂಡು ಅವನಿಗೂ ಮನಸ್ಸು ಹಗುರಾಯಿತು. ಹಳೆಯ ಒಂಬತ್ತನ್ನೂ ಪೆಟ್ಟಿಗೆಗೆ ಹಾಕಿಸಿ, ಗೋಡೆಯಲ್ಲಿ ಅದೊಂದನ್ನೇ ತೂಗುಹಾಕಿಸಿದರು. ಅಲ್ಲಿಂದ ಮುಂದೆ ಮನೆಗೆ ಬಂದವರಿಗೆಲ್ಲ ಮ್ಯಾನೇಜರ ಎದೆಯ ಮೇಲೆ ಬೆರಳಿಟ್ಟು, “ನೋಡಿ, ನಮ್ಮ ಯಜಮಾನ್ರದು. ಎಷ್ಟು ಲಕ್ಷಣವಾಗಿ ಕೂತಿದೆ!” ಎನ್ನುತ್ತಿದ್ದರು.

“ನಿಮ್ಮ ಮಗ ಎಲ್ಲಿ?” ಎಂದು ಯಾರಾದರೂ ಕೇಳಿದರೆ, “ಅವನಾ?” ಎನ್ನುವರು, ಕಣ್ಣು ನೀಲಿಯಿಂದ ಕೀಳದೆ. “ಇಲ್ಲೇ ಎಲ್ಲೋ ಇರ್ಬೇಕು, ಹಿಂದೆ.”