ದಾದಾಪೀರನ ರಜೆ, ನನ್ನ ದೇಶಭಕ್ತಿ

ಮೈಕಿನ ಮುಂದೆ ನಿಂತರೆ ನನಗೆ ದೇಶಭಕ್ತಿ ಉಕ್ಕುತ್ತದೆ. ಮೈಕಿಲ್ಲದ ಕಡೆ ಅದು ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಗ್ಯಾಸ್ ಸಿಲಿಂಡರ್ ಸರಿಸಿಕೊಡಿ ಎಂದು ಹೆಂಡತಿ ಕರೆದರೆ ಸೊಂಟ ಹಿಡಿದುಕೊಳ್ಳುವ ನಾನು, ವೇದಿಕೆಯ ಮೇಲೆ ಹಿಮಾಲಯವನ್ನೇ ಹೆಗಲಿಗೇರಿಸಿಕೊಂಡು ನಿಲ್ಲುತ್ತೇನೆ. ಇದು ಗೊತ್ತಿದ್ದೇ ನಮ್ಮ ಬೆಟಗೇರಿಯ ನಿವೃತ್ತರ ಬಳಗದವರು ‘ಯೋಧರ ಜೊತೆ ನಾವು’ ಎಂಬ ಬ್ಯಾನರ್ ಕೈಗಿತ್ತು ನನ್ನನ್ನು ಶಿರಹಟ್ಟಿಯ ಬಸ್ಸು ಹತ್ತಿಸಿದರು.

ಅಲ್ಲಿ ಇಳಿದರೆ ಆಟೋಗಳ ಮೇಲೆ ಬಾವುಟ, ಮಿರ್ಚಿ ಭಜಿಯ ಗಾಡಿಯ ಮೇಲೂ ಬಾವುಟ. ಸತ್ಕಾರ ಸಮಿತಿಯ ಕಾರ್ಯದರ್ಶಿ ಎದೆಯುಬ್ಬಿಸಿ ಹೇಳಿದರು: “ಊರಿನ ಹುಡುಗ ದಾದಾಪೀರ ಮಿಲಿಟರಿಯಿಂದ ರಜಾಕ್ಕ ಬಂದಾನ್ರಿ ಸರ. ಬಿಡತೀವೇನು? ಇದು ಒಂಬತ್ತನೇ ಸತ್ಕಾರ!”

ಹತ್ತಕ್ಕೆ ಎಂದಿದ್ದ ಕಾರ್ಯಕ್ರಮ, ಮುಖ್ಯ ಅತಿಥಿಗಳು ಇನ್ನೂ ಲಕ್ಷ್ಮೇಶ್ವರದಲ್ಲೇ ಇದ್ದುದರಿಂದ, ಹನ್ನೊಂದೂವರೆಗೆ ಶುರುವಾಯಿತು. ದಾದಾಪೀರ ಹಾರದೊಳಗೆ ಮುಳುಗಿ ಕೂತಿದ್ದ. ಅವನ ತಾಯಿ ಮೆಹಬೂಬಿ ಮುಂದಿನ ಸಾಲಿನಲ್ಲಿದ್ದರು. ನಾನು ಮುಕ್ಕಾಲು ಗಂಟೆ ಗುಡುಗಿದೆ. ಆಕೆಯ ಕಡೆ ಕೈ ಚಾಚಿ “ವೀರಮಾತೆ!” ಎಂದಾಗ, ಆಕೆ ಎದ್ದು ನಿಂತು, “ಸರ, ಮುಗೀತೇನ್ರಿ? ದವಾಖಾನಿ ಬಂದ್ ಆಕ್ಕೈತಿ” ಅಂದರು. ಹಿಂದಿನವರಿಗೆ ಕೇಳಿಸಲಿಲ್ಲ. ತಾಯಿ ಭಾವುಕಳಾದಳೆಂದು ಜೋರಾಗಿ ಚಪ್ಪಾಳೆ ತಟ್ಟಿದರು. ಮರುದಿನದ ಪತ್ರಿಕೆಯಲ್ಲಿ ‘ವೀರಮಾತೆಯ ಕಣ್ಣಲ್ಲಿ ಆನಂದಬಾಷ್ಪ’ ಎಂದು ಬಂತು. ಆಕೆಯ ಕಣ್ಣಲ್ಲಿದ್ದದ್ದು ಪೊರೆ.

ನಾನು ಗಾಬರಿಯಿಂದ ದಾದಾಪೀರನ ಕಡೆ ಬಾಗಿ ಏನೆಂದು ಕೇಳಿದೆ. ಅವನು ಸಂಕೋಚದಿಂದ ಹೇಳಿದ: “ಅಮ್ಮನ ಕಣ್ಣಿನ ಆಪರೇಶನ್ ಮಾಡಸಾಕ ರಜಾ ತಗೊಂಡು ಬಂದಿದ್ದೆ ಸರ. ದಿನಾ ಒಂದು ಸತ್ಕಾರ. ಇವತ್ತ ಒಂದು ಗಂಟೆದೊಳಗ ಗದಗಿನ್ಯಾಗ ತೋರಿಸಬೇಕಿತ್ತು. ಇನ್ನ ಸೋಮವಾರ ಅಂತ. ನನ್ನ ರಜಾ ಮುಗೀತು, ನಾಳೆ ಜಮ್ಮು ರೈಲು ಹತ್ತಬೇಕು. ತಂಗಿ ಮುಂಡರಗ್ಯಾಗ ಬಾಣಂತಿ.”

“ಚಿಂತೆ ಬ್ಯಾಡ, ನಾವದೀವಿ!” ಎಂದುಬಿಟ್ಟೆ. ಅಭ್ಯಾಸ ನೋಡಿ.

“ಹಂಗಾರ ಸೋಮವಾರ ನೀವ ಕರಕೊಂಡು ಹೋಗತೀರೇನ್ರಿ, ಸರ? ಬೆಟಗೇರಿ ಅಲ್ಲೇ ಬಾಜೂಕ ಐತಲ್ರಿ.”

ನನ್ನ ಕೈಯಲ್ಲಿದ್ದ ಮೈಕು ಚಾಲೂ ಇತ್ತು. ಇಡೀ ಸಭೆಗೆ ಕೇಳಿಸಿತು. ನಾನು ವೇದಿಕೆಯ ಮೇಲಿದ್ದವರತ್ತ ತಿರುಗಿದೆ. ಕಾರ್ಯದರ್ಶಿಗೆ ಆಗಲೇ ಫೋನ್ ಬಂದಿತ್ತು. ಮುಖ್ಯ ಅತಿಥಿಗಳು ತಮ್ಮ ಶಾಲಿನ ಅಂಚನ್ನು ಪರೀಕ್ಷಿಸುತ್ತಿದ್ದರು. ಬೇರೆ ದಾರಿಯಿಲ್ಲದೆ “ಆಗಲಿ” ಅಂದೆ. ಅಂದು ನನ್ನ ಭಾಷಣಕ್ಕೆ ಸಿಕ್ಕ ಅತಿ ದೊಡ್ಡ ಚಪ್ಪಾಳೆ ಆ ಒಂದು ಮಾತಿಗೇ.

ಸೋಮವಾರ ಬೆಳಿಗ್ಗೆ ಜ್ವರ ಬಂದೀತೇ ಎಂದು ಹಣೆ ಮುಟ್ಟಿ ನೋಡಿಕೊಂಡೆ. ಬರಲಿಲ್ಲ. ಬಳಗದ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಎಲ್ಲರೂ “ನಾವು ನಿಮ್ಮ ಜೊತೆ ಇದ್ದೇವೆ” ಎಂದು ಹೇಳಿ ಮನೆಯಲ್ಲೇ ಉಳಿದರು. ಕೊನೆಗೆ ಮೆಹಬೂಬಿಯವರನ್ನು ಬಸ್ ನಿಲ್ದಾಣದಿಂದ ನಾನೇ ಕರೆದೊಯ್ದು, ಚೀಟಿಗೆ ಸಾಲಿನಲ್ಲಿ ನಿಂತು, ಆಪರೇಶನ್ ಮುಗಿಯುವವರೆಗೆ ಆಕೆಯ ಚಪ್ಪಲಿ ಕಾಯುತ್ತ ಕೂತೆ. ಜಮ್ಮುವಿನ ರೈಲಿನಲ್ಲಿದ್ದ ದಾದಾಪೀರ ನಾಲ್ಕು ಸಲ ಫೋನ್ ಮಾಡಿದ. ಪ್ರತಿ ಸಲವೂ “ಅಮ್ಮ ಹೆಂಗದಾರ್ರಿ ಸರ?” ಎಂಬ ಒಂದೇ ಪ್ರಶ್ನೆ. ನನಗೆ ಭಾಷಣದ ಒಂದು ಶಬ್ದವೂ ನೆನಪಾಗಲಿಲ್ಲ. “ಆರಾಮ ಅದಾರಪಾ” ಎಂದಷ್ಟೇ ಹೇಳಿದೆ.

ಮರುದಿನ ಪಟ್ಟಿ ಬಿಚ್ಚಿದರು. ಮೆಹಬೂಬಿ ಕಿಟಕಿ ನೋಡಿದರು, ನರ್ಸಮ್ಮನನ್ನು ನೋಡಿದರು, ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಎರಡು ಸಲ ನೋಡಿದರು.

“ಅವತ್ತ ಭಾಷಣ ಮಾಡಿದ ಸರ ನೀವೇನ್ರಿ?”

“ಹೌದಮ್ಮಾ.”

“ದನಿ ಕೇಳಿ ಭಾಳ ದೊಡ್ಡ ಆಳು ಇರಬೇಕು ಅಂತ ತಿಳಕೊಂಡಿದ್ದೆ ನೋಡ್ರಿ.”

ಆಪರೇಶನ್ ಪೂರ್ತಿ ಯಶಸ್ವಿಯಾಗಿದೆ ಎಂಬುದು ಡಾಕ್ಟರಿಗಿಂತ ಮೊದಲು ನನಗೇ ಗೊತ್ತಾಯಿತು.