ಕೃಷ್ಣನನ್ನು ತಿರುಗಿಸಿದ ಕಪ್ಪು ಡಬ್ಬ

ಬಾಯಿಬಿಟ್ಟು ಕರೆದರೂ ಮನಸ್ಸಲ್ಲೇ ಕರೆದರೂ ಕೇಳಿಸಿಕೊಳ್ಳುವ ನಮ್ಮ ಕೃಷ್ಣಸ್ವಾಮಿಗೆ ಮೊದಲು ಕೈಮುಗಿದು ಶುರು ಮಾಡುತ್ತೇನೆ.

ಶ್ರೀನಿವಾಸಪುರದ ನಮ್ಮ ಮನೆಗೆ ಹೊಸ ವಸ್ತು ಏನೇ ಬರಲಿ, ಜೊತೆಗೆ ನಗುವುದಕ್ಕೆ ಒಂದಿಷ್ಟು ಬಂದೇ ಬರುತ್ತದೆ. ಈ ಸಲವಂತೂ ಅದು ದೇವರ ಗೂಡಿನವರೆಗೂ ಹೋಯಿತು.

ಡಬ್ಬ ಬಂತು

ಮಾಲೂರಿನಲ್ಲಿರುವ ಮಗಳು ಮನೆ ಬದಲಾಯಿಸುವಾಗ ತನ್ನ ಸ್ಟೀರಿಯೋ ನಮಗೆ ಕಳಿಸಿದಳು. ಎರಡು ಪುಟ್ಟ ಸ್ಪೀಕರು, ಜೊತೆಗೆ ಅಕ್ಕಿ ಡಬ್ಬದಷ್ಟು ದೊಡ್ಡ ಒಂದು ಕಪ್ಪು ಪೆಟ್ಟಿಗೆ. ದಪ್ಪ ಸದ್ದು ಬರುವುದು ಅದರಿಂದಲೇ, ಬೂಫರ್ ಅನ್ನುತ್ತಾರಂತೆ. ಜಾಗ ಎಲ್ಲಿದೆ ಅಂತ ನೋಡಿ, ದೇವರ ಗೂಡಿನ ಕೆಳಗಿನ ಮೂಲೆಯಲ್ಲಿ ಕೂರಿಸಿದೆ.

ಬೆಳಗಿನ ಪೂಜೆಗೆ ಭಜನೆ ಹಾಕಿದೆ. ಹಾಡುವವರ ದನಿ ಎಲ್ಲೋ ಬಾವಿಯೊಳಗೆ. ಮೇಲೆ ಬರೀ ದುಂ, ದುಂ, ದುಂ. ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳೆಲ್ಲ ತಾಳ ಹಾಕಿದವು. ರಾಯಲ್ಪಾಡು ಕಡೆಯವರಾದ ಪಕ್ಕದ ಮನೆ ಅಕ್ಕ ಓಡಿ ಬಂದರು.

"ಅಮ್ಮಾ, ನಮ್ಮನೇಲಿ ಒಲೆ ಹಚ್ಚೇ ಇಲ್ಲ. ಪಾತ್ರೆ ಮುಚ್ಚಳ ಕುಣೀತೈತೆ!"

ನಿಲ್ಲಿಸೋಣ ಅಂತ ತಿರುಗಿದರೆ ನಮ್ಮ ಯಜಮಾನರ ಮುಖ ಅರಳಿಬಿಟ್ಟಿದೆ. ಮೂವತ್ತು ವರ್ಷ ಎಂಜಿನ್ ಪಕ್ಕದಲ್ಲೇ ಕೂತು ಬಸ್ಸು ಓಡಿಸಿದವರು. ಕೂಗಿದರೆ ಮಾತು ಕೇಳುತ್ತದೆ, ಹಾಡು ಕೇಳುವುದಿಲ್ಲ. ಶನಿವಾರ ನಮ್ಮನೇಲಿ ಭಜನೆಗೆ ಜನ ಸೇರಿದಾಗ ಅವರ ಕೈ ಇವರ ಕೈ ನೋಡಿಕೊಂಡು ಚಪ್ಪಾಳೆ ತಟ್ಟುವರು. ಎಲ್ಲರದೂ ನಿಂತ ಮೇಲೆ ಇವರದೊಂದು ಉಳಿದಿರುತ್ತಿತ್ತು.

"ಕೇಳಿಸ್ತಾ ಇದೆ ಕಣೇ! ಮೃದಂಗ ಕಾಲಲ್ಲಿ ಕೇಳಿಸ್ತಾ ಇದೆ!" ಅಂದರು. ಅವತ್ತು ಒಂದು ತಾಳವೂ ತಪ್ಪಲಿಲ್ಲ.

"ಹಾಡು?" ಅಂತ ಕೂಗಿ ಕೇಳಿದೆ.

"ಹಾಡೂ ಇದೆಯಾ?" ಅಂದರು.

ಕೃಷ್ಣ ಬೆನ್ನು ತಿರುಗಿಸಿದ

ಎರಡು ದಿನ ಕಳೆಯಿತು. ಭಜನೆ ಹಾಕಿ, ಅಡುಗೆಮನೆಯಲ್ಲಿ ನೈವೇದ್ಯಕ್ಕೆ ಅವಲಕ್ಕಿ ಕಲಸಿಕೊಂಡು ಬಂದರೆ, ಗೂಡಿನಲ್ಲಿದ್ದ ಗೇಣುದ್ದದ ಹಿತ್ತಾಳೆ ಕೃಷ್ಣ ನನಗೆ ಬೆನ್ನು ತೋರಿಸಿಕೊಂಡು ಗೋಡೆ ನೋಡುತ್ತಿದ್ದಾನೆ.

ಅವಲಕ್ಕಿ ಬಟ್ಟಲು ಅಲ್ಲೇ ಕೆಳಗಿಟ್ಟೆ. ಏನು ತಪ್ಪು ಮಾಡಿದೆ? ಹೂವು ಬಾಡಿತ್ತಾ? ಮನಸ್ಸಲ್ಲಿ ಯಾರನ್ನಾದರೂ ಬೈದೆನಾ? ಮುಂದಕ್ಕೆ ತಿರುಗಿಸಿ, ಗಲ್ಲ ಬಡಿದುಕೊಂಡು, ಒಂದು ಹೊತ್ತು ಉಪವಾಸ ಮಾಡಿದೆ. ಮರುದಿನ ನೈವೇದ್ಯದ ಹೊತ್ತಿಗೆ ಮತ್ತೆ ಬೆನ್ನು!

ಯಜಮಾನರು ಅವಲಕ್ಕಿ ತಿನ್ನುತ್ತಾ, "ನಿನ್ನ ಜೊತೆ ಸಂಸಾರ ಮಾಡಿ ಮಾಡಿ ಅವನೂ ನನ್ನ ಥರಾನೇ ಆದ, ಬಿಡು. ಅತ್ಲಾಗೆ ತಿರುಗಿಕೊಂಡ್ರೆ ಅರ್ಧ ತಾಪತ್ರಯ ಕಮ್ಮಿ" ಅಂದರು.

ಪಕ್ಕದ ಮನೆ ಅಕ್ಕನಿಗೆ ಗೊತ್ತಾದ ಮೇಲೆ ಬೀದಿಗೆಲ್ಲ ಗೊತ್ತಾಯಿತು. ಹೆಂಗಸರು ಹೂವು ಹಿಡಿದು ಬರತೊಡಗಿದರು. "ನಿನ್ನೆ ಕಿಟಕಿ ಕಡೆ ನೋಡ್ತಿದ್ದ, ಇವತ್ತು ಬಾಗಿಲ ಕಡೆ. ನಮ್ಮನೆ ಕಡೆ ಯಾವತ್ತು ತಿರುಗ್ತಾನಮ್ಮಾ?"

ನನಗೋ ಭಯದ ಜೊತೆಗೆ ಕುತೂಹಲ. ಒಂದು ಬೆಳಿಗ್ಗೆ ಅಡುಗೆ ಬಿಟ್ಟು ಗೂಡಿನ ಮುಂದೆಯೇ ಕಣ್ಣು ಮಿಟುಕಿಸದೆ ಕೂತೆ. ದುಂ ಅಂದಾಗೊಮ್ಮೆ ಕೃಷ್ಣ ಎಳ್ಳಷ್ಟು ಸರಿದ. ಹಾಡು ನಿಲ್ಲಿಸಿದೆ, ಅವನೂ ನಿಂತ. ಎತ್ತಿ ನೋಡಿದರೆ, ಇಷ್ಟು ವರ್ಷ ಹುಣಸೆಹಣ್ಣು ಹಾಕಿ ಉಜ್ಜಿದ್ದಕ್ಕೆ ಪೀಠದ ತಳ ಸವೆದು ಗುಂಡಗಾಗಿದೆ. ಬೂಫರ್ ನಡುಗಿದರೆ ಗೂಡಿನ ಕಲ್ಲು ನಡುಗುತ್ತದೆ, ಕಲ್ಲು ನಡುಗಿದರೆ ಸ್ವಾಮಿ ತಿರುಗುತ್ತಾನೆ. ಸಿಟ್ಟಲ್ಲ, ನನ್ನ ಸೇವೆಯೇ ಹೆಚ್ಚಾಗಿತ್ತು!

"ಇಷ್ಟೇನಾ? ತಳಕ್ಕೆ ಒಂದು ತೊಟ್ಟು ಗಮ್ ಹಾಕು" ಅಂದರು ಯಜಮಾನರು.

"ದೇವರನ್ನ ಅಂಟಿಸೋದಾ?"

"ಮತ್ತೆ ನನ್ನನ್ನ ನಿನಗೆ ಅಂಟಿಸಿದೋನು ಅವನೇ ಅಲ್ವಾ?"

ರಾಗಿ ಮೂಟೆಯ ಸಂಗತಿ

ಪೆಟ್ಟಿಗೆಯ ಹಿಂದೊಂದು ತಿರುಪು ಇತ್ತು. ಅದನ್ನು ಇಳಿಸಿದರೆ ದುಂ ದುಂ ಕಮ್ಮಿ. ಇಳಿಸಿದೆ. ಆಹಾ, ಹಾಡಿನ ಒಂದೊಂದು ಅಕ್ಷರವೂ ಕೇಳಿತು, ಕೃಷ್ಣ ಅಲ್ಲಾಡಲಿಲ್ಲ. ಆದರೆ ಯಜಮಾನರ ಕೈ ನಿಂತಿತು. ನನ್ನ ಮುಖ ನೋಡಿ, "ಕರೆಂಟ್ ಹೋಯ್ತಾ?" ಅಂದರು.

ತಿರುಪು ಮತ್ತೆ ಏರಿಸಿದೆ. ಸ್ವಾಮಿ ನನ್ನ ಕಡೆ ನೋಡಬೇಕು, ಇವರಿಗೂ ತಾಳ ಕೇಳಬೇಕು. ಒಬ್ಬರಿಗಾಗಿ ಇನ್ನೊಬ್ಬರನ್ನು ಹೇಗೆ ಬಿಡಲಿ?

ಮುಳಬಾಗಿಲಿನ ರಿಪೇರಿಯವರಿಗೆ ಫೋನ್ ಮಾಡಿದೆ. "ಮೂಲೇಲಿ ಇಟ್ಟಿದ್ದೀರಾ? ಮೂಲೇಲಿ ಸದ್ದು ಸೇರಿಕೊಂಡು ಗುಂಯ್ ಅನ್ನುತ್ತೆ. ಅಲ್ಲಿ ಏನಾದ್ರೂ ಮೆತ್ತಗಿರೋದು, ದಪ್ಪಗಿರೋದು ತುಂಬಿ ನೋಡಿ" ಅಂದರು. ಮೆತ್ತಗೆ, ದಪ್ಪಗೆ ನಮ್ಮನೇಲಿ ಇದ್ದದ್ದು ಮೂರು ರಾಗಿ ಮೂಟೆ. ಪೆಟ್ಟಿಗೆಯ ಸುತ್ತ ನಿಲ್ಲಿಸಿದೆ. ಸದ್ದು ಸ್ವಲ್ಪ ತಗ್ಗಿತು ನಿಜ. ಆದರೆ ವಾರ ಕಳೆಯುವಷ್ಟರಲ್ಲಿ ಮೂಟೆಗಳಲ್ಲಿ ರಾಗಿ ಬಾಯಿಂದ ನಾಲ್ಕು ಬೆರಳು ಇಳಿದಿತ್ತು!

"ರೀ, ರಾಗಿ ಯಾರೋ ತಗೊಂಡು ಹೋಗ್ತಿದ್ದಾರೆ!"

ಯಜಮಾನರು ಮೂಟೆ ತಟ್ಟಿ ನಕ್ಕರು. "ಯಾರೂ ಇಲ್ಲ ಕಣೇ, ದುಂ ದುಂಗೆ ಕಾಳು ಅದುರಿ ಕುಂತಿದೆ. ನನ್ನ ಬಸ್ಸಲ್ಲೂ ಹಿಂಗೇ. ಫುಲ್ ಅಂತ ಕಂಡಕ್ಟರ್ ಕೂಗೋನು. ರಸ್ತೆ ಗುಂಡಿ ನಾಲ್ಕು ಸಲ ಎತ್ತಿ ಹಾಕಿದ್ರೆ ಇನ್ನೂ ಎಂಟು ಜನಕ್ಕೆ ಜಾಗ!"

ಬೀಗರು ಅಂಬೆಗಾಲಿಟ್ಟರು

ಮಗಳ ಮಾವ ಶಿವಾರಪಟ್ಟಣದಲ್ಲಿ ಕಲ್ಲಿನ ವಿಗ್ರಹ ಕೆತ್ತುವವರು. ಕಲ್ಲಿಗೆ ಸುತ್ತಿಗೆ ತಾಗಿಸಿ, ದನಿ ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಾರೆ. ಒಂದು ದಿನ ನಮ್ಮನೆಗೆ ಬಂದವರು ಸಂಗತಿ ಕೇಳಿ ಗೋಡೆಗಳನ್ನೆಲ್ಲ ಬೆರಳಿಂದ ತಟ್ಟಿದರು. ಹಾಡು ಹಾಕಿಸಿ ಮನೆ ತುಂಬಾ ಓಡಾಡಿದರು.

"ಅಮ್ಮಾ, ಬನ್ನಿ ಇಲ್ಲಿ. ಮೂಲೇಲಿ ಗುಡುಗು, ಅಡುಗೆಮನೆ ಬಾಗಿಲಲ್ಲಿ ಏನೂ ಇಲ್ಲ!" ನಾನೂ ನಿಂತು ಕೇಳಿದೆ. ಹೌದು, ಒಂದೇ ಹಾಡು, ಹೆಜ್ಜೆಗೊಂದು ಥರ. ಸ್ವಾಮಿಯ ಸೃಷ್ಟಿಯಲ್ಲಿ ಏನೇನಿದೆಯೋ!

"ಯಜಮಾನರು ಕೂರೋ ಜಾಗದಲ್ಲಿ ಪೆಟ್ಟಿಗೆ ಇಡಿ. ಎಲ್ಲಿ ಹದವಾಗಿ ಕೇಳುತ್ತೋ ಹುಡುಕೋಣ. ಆಮೇಲೆ ಪೆಟ್ಟಿಗೆ ಅಲ್ಲಿ, ಯಜಮಾನರು ಇಲ್ಲಿ" ಅಂದರು. ಯಜಮಾನರ ಕುರ್ಚಿಯ ಮೇಲೆ ಬೂಫರ್ ಏರಿತು. ಬೀಗರು ಪಂಚೆ ಎತ್ತಿ ಕಟ್ಟಿ, ಅಂಬೆಗಾಲಿಟ್ಟುಕೊಂಡು, ನೆಲಕ್ಕೆ ಕಿವಿ ಕೊಟ್ಟುಕೊಂಡು ಹೊರಟರು. ಹಿಂದೆ ನಾನು. ನನ್ನ ಹಿಂದೆ ಯಜಮಾನರು.

ಅದೇ ಹೊತ್ತಿಗೆ ಪಕ್ಕದ ಮನೆ ಅಕ್ಕ ಹೂವು ಹಿಡಿದು ಒಳಗೆ ಬಂದರು. ಕುರ್ಚಿಯ ಮೇಲೆ ಕಪ್ಪಗೆ ಒಂದು, ಅದರ ಸುತ್ತ ನೆಲಕ್ಕೆ ತಲೆ ಹಚ್ಚಿದ ಮೂವರು ದೊಡ್ಡವರು. ಅಕ್ಕ ಹೂವನ್ನು ಬೂಫರ್ ಮೇಲಿಟ್ಟು ತಾವೂ ಬಗ್ಗಿದರು!

ಕೊನೆಗೆ ನಿಂತ

ಅಂಬೆಗಾಲಿಟ್ಟದ್ದು ದಂಡವಾಗಲಿಲ್ಲ. ಹದವಾದ ಜಾಗ ಸಿಕ್ಕಿದ್ದು ಕುರ್ಚಿಯ ಎಡಪಕ್ಕದಲ್ಲೇ, ಗೋಡೆಯಿಂದ ದೂರ. ನಡುಕ ನೆಲಕ್ಕೆ ಇಳಿಯದಿರಲೆಂದು ಕೆಳಗೆ ಹಳೇ ಬಸ್ ಟೈರಿನ ತುಂಡು, ಅದರ ಮೇಲೆ ಬೀಗರು ಕೊಡಿಸಿದ ದಪ್ಪ ಕಲ್ಲು, ಅದರ ಮೇಲೆ ಪೆಟ್ಟಿಗೆ. ತಿರುಪು ಅರ್ಧಕ್ಕೆ ಇಳಿಸಿದೆವು. ತಟ್ಟೆಗಳು ಸುಮ್ಮನಾದವು. ಆದರೆ ಯಜಮಾನರ ಕೈಯೂ ಸುಮ್ಮನಿತ್ತು.

ಸ್ವಾಮೀ, ನೀನೇ ದಾರಿ ತೋರಿಸು ಅಂದುಕೊಂಡೆ. ಅಷ್ಟರಲ್ಲಿ ಯಜಮಾನರು ಸುಮ್ಮನೆ ಎಡಗೈ ಇಳಿಬಿಟ್ಟರು. ಅಂಗೈ ಪೆಟ್ಟಿಗೆಯ ನೆತ್ತಿಯ ಮೇಲೆ ಬಿತ್ತು, ಗೇರ್ ರಾಡ್ ಮೇಲೆ ಇಟ್ಟ ಹಾಗೆ. ಮುಖ ಅರಳಿತು. ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಗೂಡಿನ ಕಡೆ ನೋಡಿದೆ. ಕೃಷ್ಣ ನನ್ನನ್ನೇ ನೋಡುತ್ತಿದ್ದ. ಆ ಶನಿವಾರ ಜನ ಪೆಟ್ಟಿಗೆಯ ಹಾಡಿಗೇ ದನಿಗೂಡಿಸಿದರು, ಭಜನೆ ಮುಗಿದಾಗ ಯಾರದೂ ಒಂದು ಚಪ್ಪಾಳೆ ಉಳಿಯಲಿಲ್ಲ.

ಬೇಜಾರಾದದ್ದು ಬೀದಿಯ ಹೆಂಗಸರಿಗೆ ಮಾತ್ರ. ದಿನಾ ಬಂದು ಇಣುಕುವರು. ಕೊನೆಗೆ ಪಕ್ಕದ ಮನೆ ಅಕ್ಕ ಯಜಮಾನರ ಕಿವಿಯ ಹತ್ತಿರ ಬಗ್ಗಿ ಕೂಗಿದರು: "ಅಣ್ಣಾ, ಸ್ವಾಮಿ ಇವತ್ತೂ ತಿರುಗಲಿಲ್ವಾ?"

ಯಜಮಾನರು ಬೂಫರ್ ಮೇಲಿನ ಕೈ ತೆಗೆಯದೆ ಹೇಳಿದರು: "ಇಷ್ಟು ದಿನ ನಿಮಗೆಲ್ಲ ಅವನು ಪ್ರದಕ್ಷಿಣೆ ಬಂದನಲ್ಲಮ್ಮಾ. ಇನ್ನು ನೀವು ಬನ್ನಿ!"

ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ತಾಳ ತಪ್ಪದಿರಲಿ, ಸ್ವಾಮಿಯ ಮುಖ ಸದಾ ನಿಮ್ಮ ಕಡೆಗೇ ಇರಲಿ.