ಪಡಸಾಲೆಯಲ್ಲಿ ವಾಟರ್‌ಲೂ

ನೆಪೋಲಿಯನ್ ಸುರಪುರಕ್ಕೆ ಬಂದೇ ಇರಲಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಸೋದರಮಾವನ ಪಡಸಾಲೆಯಲ್ಲಿ ಆತ ವರ್ಷಗಟ್ಟಲೆ ಸೈನ್ಯಸಮೇತ ಬೀಡುಬಿಟ್ಟಿದ್ದ. ಎಬ್ಬಿಸುವ ಧೈರ್ಯ ಯಾರಿಗಿತ್ತು!

ಮಾವ ನಿಜಾಮ ಸರ್ಕಾರದ ತಹಸೀಲ್ ಕಚೇರಿಯಲ್ಲಿ ಹಗಲೆಲ್ಲ ಉರ್ದು ಬರೆಯುವ ಗುಮಾಸ್ತ. ತಂದೆಯಿಲ್ಲದ ನನ್ನನ್ನು ಹೈದರಾಬಾದಿಗೆ ಕಳಿಸಿ ಬಿ.ಎ. ಓದಿಸಿದವನು; ತಾನು ಮಾತ್ರ ಯಾದಗಿರಿ ಸ್ಟೇಷನ್ ದಾಟಿದವನಲ್ಲ. ರಜೆಯಲ್ಲಿ ನಾನು ತಂದ ಇತಿಹಾಸದ ಪುಸ್ತಕ ಓದಿಸಿ ಕೇಳಿದ ನೋಡಿ, ಹುಚ್ಚು ಹಿಡಿಯಿತು. ಬೆಲ್ಜಿಯಮ್ಮಿನ ವಾಟರ್‌ಲೂ ರಣರಂಗವನ್ನು ಇದ್ದದ್ದು ಇದ್ದಂತೆ ಮಣ್ಣಿನಲ್ಲಿ ಮಾಡಬೇಕು!

ಅತ್ತೆಯ ಚಿಂತೆ ಬೇರೆ. ಹುಡುಗಿ ಬಿ.ಎ. ಎಂದು ಕೇಳಿಯೇ ನನಗೆ ಬಂದ ಎರಡು ಸಂಬಂಧ ಹಿಂದೆ ಸರಿದಿದ್ದವು. ಇನ್ನು ಬರುವವರನ್ನು ಕೂಡಿಸುವುದಾದರೂ ಎಲ್ಲಿ, ಬೆಲ್ಜಿಯಮ್ಮಿನಲ್ಲೇ?

ಫ್ರೆಂಚರ ಅಂಗಿಗೆ ಅತ್ತೆ ಧೋತರಕ್ಕೆ ಹಾಕುವ ನೀಲಿ, ಇಂಗ್ಲಿಷರಿಗೆ ಕೆಮ್ಮಣ್ಣು. ಫಜೀತಿಯಾದದ್ದು ಕುದುರೆಗಳದ್ದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಮಾಡಿ ಪಳಗಿದ ಕೈ ಮಾವನದು. ಎಷ್ಟು ತಿದ್ದಿದರೂ ಪ್ರತಿ ಕುದುರೆಯ ಬೆನ್ನ ಮೇಲೂ ಎತ್ತಿನ ಡುಬ್ಬದಂಥ ಹಿಣಿಲು ಏಳುತ್ತಿತ್ತು! ಆ ವರ್ಷದ ಅಮಾವಾಸ್ಯೆಗೆ ಅತ್ತೆ ಅವುಗಳಲ್ಲೇ ಒಂದು ಜೋಡಿಯನ್ನು ದೇವರ ಜಗಲಿಗೆ ಒಯ್ದು, ಕುಂಕುಮ ಹಚ್ಚಿ, ಕಡುಬಿನ ಎಡೆ ಹಿಡಿದಳು.

"ಏ, ಅವು ಫ್ರಾನ್ಸದ ಕುದುರಿ ಅದಾವ!"

"ಹಿಣಿಲಿದ್ದ ಕುದುರಿ ಯಾವ ದೇಶದಾಗ ಇರ್ತಾವ್ರಿ? ಸುಮ್ಮ ಕೈ ಮುಗೀರಿ."

ಮಾವ ಕೈಮುಗಿದ. ಕಡುಬನ್ನೂ ತಿಂದ.

ಯುದ್ಧದ ಮುನ್ನಾದಿನ ಮಳೆ ಸುರಿದಿತ್ತೆಂದು ಓದಿ ಹೇಳಿದ್ದು ನನ್ನದೇ ಬುದ್ಧಿಗೇಡಿತನ. ಮಾವ ತಂಬಿಗೆ ಹಿಡಿದು ರಣರಂಗಕ್ಕೆಲ್ಲ ನೀರು ಚಿಮುಕಿಸಿದ. ಮಣ್ಣೆತ್ತನ್ನು ಯಾರಾದರೂ ಸುಡುತ್ತಾರೆಯೇ? ಅದೇ ರೂಢಿಯಲ್ಲಿ ಸೈನಿಕರನ್ನೂ ಸುಟ್ಟಿರಲಿಲ್ಲ. ಸಂಜೆಯ ಹೊತ್ತಿಗೆ ಗೆಲ್ಲಬೇಕಾದ ಇಂಗ್ಲಿಷ್ ಸೈನ್ಯ ಮೊಣಕಾಲಮಟ ಕರಗಿ ಕುಳಿತಿತ್ತು! ಮಾವ ಕಚೇರಿಗೆ ರಜೆ ಹಾಕಿ ಎಲ್ಲರಿಗೂ ಹೊಸ ಕಾಲು ಹಚ್ಚಿದ.

ಅಷ್ಟರಲ್ಲಿ ಶಹಾಪುರದ ವಕೀಲರೊಬ್ಬರು, ಮಗನಿಗೆ ಓದಿದ ಹುಡುಗಿಯೇ ಬೇಕೆಂದು ಹೇಳಿಕಳಿಸಿದರು. ನನಗೂ ಒಳಗೊಳಗೆ ಮನಸ್ಸಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅತ್ತೆ ಕಸಬರಿಗೆ ಹಿಡಿದು ನಿಂತಳು. "ಒಂದು ಮೂಲಿ ಬಿಟ್ಟು ಕೊಡ್ತೀನಿ" ಎಂದು ಮಾವ ಸಂಧಾನಕ್ಕೆ ಬಂದ. ಆ ಮೂಲೆಯಲ್ಲಿ ಜಮಖಾನ ಬಿತ್ತು.

ಬೀಗರಾಗಲಿದ್ದವರು ಬಂದರು, ಕುಳಿತರು. ನಾನು ಅವಲಕ್ಕಿ ತಂದೆ. ಕೈ ತೊಳೆಯಲೆಂದು ಎದ್ದ ವಕೀಲರು, ಭಾರಿ ಆಳು, ನನಗೆ ದಾರಿ ಬಿಡಲು ಒಂದು ಹೆಜ್ಜೆ ಹಿಂದೆ ಸರಿದರು. ನೆಪೋಲಿಯನ್ನನ ಖಾಸಾ ಪಡೆ ಅವರ ಅಂಗಾಲಿನಡಿ ಪುಡಿಪುಡಿಯಾಯಿತು.

ರಣರಂಗದಲ್ಲಿ ಬೆಕ್ಕು ಕಾಲಿಟ್ಟದ್ದಕ್ಕೇ ಉಪವಾಸ ಮಲಗಿದ್ದ ಮನುಷ್ಯ ಮಾವ! ಅತ್ತೆ ಕಣ್ಣು ಮುಚ್ಚಿದಳು. ಮುಗಿಯಿತು, ಈ ಸಂಬಂಧವೂ ಹೋಯಿತು ಎಂದು ನಾನು ತಟ್ಟೆಯನ್ನು ಬಿಗಿಯಾಗಿ ಹಿಡಿದೆ.

"ಅಯ್ಯ, ಏನೋ ತುಳಿದ್ನಲ್ರಿ ನಾನು!"

ಮಾವ ಒಮ್ಮೆ ನೆಲ ನೋಡಿದ, ಒಮ್ಮೆ ನನ್ನ ಮುಖ ನೋಡಿದ.

"ಇರಲಿ ಬಿಡ್ರಿ. ಅವರು ಹೆಂಗೂ ಸೋಲೋರೇ ಇದ್ರು. ಕೂಡ್ರಿ, ಅವಲಕ್ಕಿ ತಿನ್ರಿ. ನಮ್ಮ ಹುಡುಗೀನೇ ಮಾಡ್ಯಾಳ."

ನಾನು ಮಾಡಿರಲಿಲ್ಲ. ಅದು ಮಾವನಿಗೂ ಗೊತ್ತಿತ್ತು. ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ. ವಕೀಲರು ಕೂಡುವಷ್ಟರಲ್ಲಿ ಆತ, ನನಗೆ ಕಾಣಬಾರದೆಂದು, ಮುರಿದ ಚೂರುಗಳನ್ನು ಕಾಲ ಹೆಬ್ಬೆರಳಿನಿಂದ ಮೆಲ್ಲಗೆ ಜಮಖಾನದ ಕೆಳಗೆ ಸರಿಸುತ್ತಿದ್ದ.